ಅಂಗಡಿಯ ಇಲಿ, ಮನೆಯ ಇಲಿ, ಸಿಕ್ಕ ಇಲಿ: ಕೊಡಗಿನಲ್ಲಿ ಸಾಕಲು ಯಾವುದು, ಯಾವ ಗೂಡಿನಲ್ಲಿ?

ಇಲಿ (ಹೆಗ್ಗಣವಲ್ಲ, ಇಂಗ್ಲಿಷಿನಲ್ಲಿ ‘ಮೌಸ್’ ಎನ್ನುವ ಪುಟ್ಟ ಇಲಿ) ಸಾಕಲು ಮನಸ್ಸು ಮಾಡಿದ ಓದುಗರು, ಅದರಲ್ಲೂ ಮಡಿಕೇರಿ, ಸೋಮವಾರಪೇಟೆ, ಗೋಣಿಕೊಪ್ಪ ಕಡೆಯವರು, ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಮೈಸೂರಿನ ಅಂಗಡಿಯಿಂದ ಬಿಳಿ ಇಲಿ ತರುವುದೋ, ಪರಿಚಯದವರ ಮನೆಯಲ್ಲಿ ಹುಟ್ಟಿದ ಮರಿಗಳನ್ನು ಕೇಳಿ ಪಡೆಯುವುದೋ, ಕಾಫಿ ಗೋದಾಮಿನಲ್ಲಿ ತಾಯಿ ಕಳೆದುಕೊಂಡ ಮರಿಯನ್ನು ಬೆಳೆಸುವುದೋ? ತಂದದ್ದನ್ನು ಗಾಜಿನ ತೊಟ್ಟಿಯಲ್ಲಿ ಇಡುವುದೋ, ತಂತಿಯ ಪಂಜರದಲ್ಲೋ, ಪ್ಲಾಸ್ಟಿಕ್ ಡಬ್ಬದಲ್ಲೋ? ಮೇಲುನೋಟಕ್ಕೆ ಇವು ಎರಡು ಬೇರೆ ಆಯ್ಕೆಗಳಂತೆ ಕಂಡರೂ ಒಂದಕ್ಕೊಂದು ಗಂಟು ಬಿದ್ದಿವೆ. ಇಲಿ ಎಲ್ಲಿಂದ ಬಂತು ಎಂಬುದರ ಮೇಲೆ ಅದು ಯಾವ ರೋಗವನ್ನು ಹೊತ್ತು ಬಂದಿರಬಹುದು ಎಂಬುದು ನಿಂತಿದೆ. ಆ ರೋಗ ಒಳಗೇ ಅಡಗಿರುತ್ತದೋ ಮೇಲೆದ್ದು ಬರುತ್ತದೋ ಎಂಬುದು ಬಹುಮಟ್ಟಿಗೆ ಗೂಡಿನ ಮೇಲೆ ನಿಂತಿದೆ. ವರ್ಷಕ್ಕೆ ಸರಾಸರಿ 3,000 ಮಿ.ಮೀ. ಮೀರಿ ಮಳೆ ಸುರಿಯುವ ಮಡಿಕೇರಿಯಂಥ ಊರಿನಲ್ಲಿ ಈ ಎರಡನೆಯದರ ತೂಕವೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಯಾವುದನ್ನು ನೋಡಿ ತೂಗಬೇಕು

ಮೊದಲನೆಯದು ಉಸಿರಾಟ. ಸಾಕು ಇಲಿಗಳನ್ನು ಕಾಡುವ ಕಾಯಿಲೆಗಳಲ್ಲಿ ಶ್ವಾಸಕೋಶದ ಸೋಂಕು ಮುಂಚೂಣಿಯಲ್ಲಿದ್ದು, ಮೈಕೋಪ್ಲಾಸ್ಮಾ ಪಲ್ಮೋನಿಸ್ ಎಂಬ ಬ್ಯಾಕ್ಟೀರಿಯಾ ಅದರ ಮುಖ್ಯ ಕಾರಣಗಳಲ್ಲೊಂದು. ಇದು ಆರೋಗ್ಯವಾಗಿ ಕಾಣುವ ಇಲಿಯಲ್ಲೂ ತಿಂಗಳುಗಟ್ಟಲೆ ಸುಮ್ಮನಿದ್ದು, ಗೂಡಿನ ಗಾಳಿ ಕೆಟ್ಟಾಗ ತಲೆಯೆತ್ತುತ್ತದೆ. ಗಾಳಿ ಕೆಡಿಸುವುದು ಅಮೋನಿಯಾ. ಮೂತ್ರದ ಯೂರಿಯಾವನ್ನು ಹಾಸಿನಲ್ಲಿರುವ ಬ್ಯಾಕ್ಟೀರಿಯಾಗಳು ಒಡೆಯುವುದರಿಂದ ಹುಟ್ಟುವ ಈ ಅನಿಲ ಹಾಸು ತೇವವಾಗಿದ್ದಷ್ಟೂ ಬೇಗ ಹೆಚ್ಚುತ್ತದೆ. ಇಲಿಗೆ ಹಿತವಾದ ತೇವಾಂಶ ಶೇ 40ರಿಂದ 60ರ ನಡುವಿನದು. ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ಹೊರಗಿನ ತೇವಾಂಶ ಶೇ 90ರ ಆಸುಪಾಸಿನಲ್ಲೇ ದಿನಗಟ್ಟಲೆ ನಿಲ್ಲುತ್ತದೆ. ಕಪಾಟಿನ ಬಟ್ಟೆಗೆ, ಚಪ್ಪಲಿಗೆ ಬೂಷ್ಟು ಹಿಡಿಯುವ ಮನೆಯಲ್ಲಿ ಇಲಿಯ ಹಾಸು ಒಣಗಿರಲಿ ಎಂದು ಬಯಸಿದರೆ ಸಾಲದು, ಅದಕ್ಕೊಂದು ವ್ಯವಸ್ಥೆ ಬೇಕು.

ಎರಡನೆಯದು ಲಿಂಗದ ಖಚಿತತೆ. ಇಲಿಯ ಗರ್ಭಾವಧಿ 19ರಿಂದ 21 ದಿನ, ಒಂದು ಸೂಲಿಗೆ ಸಾಮಾನ್ಯವಾಗಿ 6ರಿಂದ 8 ಮರಿ, ಕೆಲವೊಮ್ಮೆ 12. ಮರಿಗಳು ಐದಾರು ವಾರಕ್ಕೇ ಬೆದೆಗೆ ಬರುತ್ತವೆ. ತಾಯಿ ಹೆತ್ತ 24 ಗಂಟೆಯೊಳಗೆ ಮತ್ತೆ ಗಬ್ಬವಾಗಬಲ್ಲದು. ‘ಎರಡೂ ಹೆಣ್ಣು’ ಎಂಬ ಅಂಗಡಿಯವರ ಮಾತನ್ನು ನಂಬಿ ತಂದ ಜೋಡಿ ಒಂದು ಮಳೆಗಾಲ ಮುಗಿಯುವುದರೊಳಗೆ ಏನಾಗಬಹುದೆಂದು ಲೆಕ್ಕ ಹಾಕಿ ನೋಡಿ.

ಮೂರನೆಯದು ಮನೆಯ ಇತರ ಜೀವಿಗಳು. ಇಲ್ಲಿ ಬರೀ ಬೆಕ್ಕು, ಹಾವುಗಳ ಮಾತಲ್ಲ. ಅಟ್ಟದಲ್ಲಿ, ಗೋದಾಮಿನಲ್ಲಿ ಓಡಾಡುವ ಇಲಿಗಳಿಂದ ಸಾಕಿದ ಇಲಿಗೆ, ಅದರಿಂದ ನಮಗೆ ದಾಟುವ ರೋಗಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಾಲ್ಕನೆಯದು ಇಲಿ ಕೈಗೆ ಹೊಂದಿಕೊಳ್ಳುವ ಗುಣ. ಐದನೆಯದು ಖರ್ಚು. ಇಲಿಗೆ ಕೊಡುವ ಬೆಲೆ ಈ ಖರ್ಚಿನಲ್ಲಿ ಅತಿ ಸಣ್ಣ ಪಾಲು. ಗೂಡು, ವಾರವಾರದ ಹಾಸು, ಪುಟ್ಟ ಪ್ರಾಣಿಗಳನ್ನು ನೋಡಿ ಅಭ್ಯಾಸವಿರುವ ಪಶುವೈದ್ಯರನ್ನು ಹುಡುಕಿಕೊಂಡು ಮೈಸೂರಿಗೋ ಬೆಂಗಳೂರಿಗೋ ಹೋಗಿಬರುವ ವೆಚ್ಚ ಇವೇ ದೊಡ್ಡವು.

ಮೂಲಗಳನ್ನು ಹೋಲಿಸಿದರೆ

ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುವುದು ಬಹುಪಾಲು ಕೆಂಪು ಕಣ್ಣಿನ ಬಿಳಿ ಇಲಿ. ಇವು ನಮ್ಮ ದೇಶದ ಪ್ರಯೋಗಾಲಯಗಳಲ್ಲಿ ‘ಸ್ವಿಸ್ ಆಲ್ಬಿನೋ’ ಎಂದು ಕರೆಯುವ ಪೀಳಿಗೆಯವೇ ಆಗಿರುವ ಸಾಧ್ಯತೆ ಹೆಚ್ಚು. 1926ರಲ್ಲಿ ಕ್ಲಾರಾ ಲಿಂಚ್ ಎಂಬ ವಿಜ್ಞಾನಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಿಂದ ಅಮೆರಿಕಕ್ಕೆ ಒಯ್ದ 2 ಗಂಡು, 7 ಹೆಣ್ಣು ಇಲಿಗಳಿಂದ ಬೆಳೆದ ಸಂತತಿಯದು. ತಲೆಮಾರುಗಳ ಕಾಲ ಮನುಷ್ಯರ ಕೈಯಲ್ಲೇ ಬೆಳೆದು ಬಂದಿರುವುದರಿಂದ ಇವುಗಳ ಸ್ವಭಾವ ಸಾಮಾನ್ಯವಾಗಿ ಸೌಮ್ಯ. ದೃಷ್ಟಿ ಮಾತ್ರ ಮಂದ, ಪ್ರಖರ ಬೆಳಕು ಇವುಗಳ ಕಣ್ಣಿನ ಅಕ್ಷಿಪಟವನ್ನೇ (ರೆಟಿನಾ) ಹಾಳುಮಾಡುತ್ತದೆ. ಆದ್ದರಿಂದ ಕಿಟಕಿಯ ಪಕ್ಕದ ಜಾಗ ಇವಕ್ಕೆ ಹೇಳಿಸಿದ್ದಲ್ಲ. ಅಂಗಡಿಯ ಇಲಿಯ ನಿಜವಾದ ತೊಂದರೆ ಇರುವುದು ಬೇರೆಬೇರೆ ಕಡೆಯಿಂದ ಬಂದವುಗಳನ್ನು ಒಂದೇ ಪಂಜರಕ್ಕೆ ಹಾಕಿರುವುದರಲ್ಲಿ. ಒಂದರ ಸೀನು ಎಲ್ಲದಕ್ಕೂ ತಗುಲಿರುತ್ತದೆ, ಗಂಡುಹೆಣ್ಣು ಕಲೆತಿರುತ್ತವೆ, ಹೆಣ್ಣು ಗಬ್ಬವಾಗಿರುವುದಂತೂ ಮಾಮೂಲು. ಸಾಕುಪ್ರಾಣಿ ಅಂಗಡಿಗಳು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕೆಂದು 2018ರ ನಿಯಮಗಳು ಹೇಳುತ್ತವೆ. ನೋಂದಣಿ ಪತ್ರ ತೋರಿಸಿ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ, ಆ ಪ್ರಶ್ನೆಗೆ ಸಿಗುವ ಉತ್ತರದ ಧಾಟಿಯಿಂದಲೇ ಅಂಗಡಿ ಎಂಥದೆಂದು ಅರ್ಧ ತಿಳಿಯುತ್ತದೆ.

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಇಲಿಯನ್ನು ಬಾಲದಿಂದ ನೇತಾಡಿಸದೆ, ಎರಡೂ ಅಂಗೈ ಬಟ್ಟಲಿನಂತೆ ಸೇರಿಸಿ ಎತ್ತಿಕೊಂಡು ಕಿವಿಯ ಹತ್ತಿರ ಹಿಡಿಯಿರಿ. ಆರೋಗ್ಯವಂತ ಇಲಿಯ ಉಸಿರು ಕೇಳಿಸುವುದಿಲ್ಲ. ಒಣ ಎಲೆ ತುಳಿದಂತೆ ಚಿಟಚಿಟ ಸದ್ದು ಬಂದರೆ ಆ ಪಂಜರದ ಯಾವ ಇಲಿಯನ್ನೂ ತರಬೇಡಿ. ರೋಮ ಮೈಗೆ ಅಂಟಿಕೊಂಡು ನಯವಾಗಿರಬೇಕು, ಬೆನ್ನು ಗೂನಾಗಿರಬಾರದು, ಬಾಲದ ಬುಡ ಒಣಗಿ ಶುಚಿಯಾಗಿರಬೇಕು. ಬಾಲವನ್ನು ಮೆಲ್ಲಗೆ ಎತ್ತಿ ನೋಡಿದರೆ ಗುದಕ್ಕೂ ಮೂತ್ರದ್ವಾರಕ್ಕೂ ನಡುವಿನ ಅಂತರ ಗಂಡಿನಲ್ಲಿ ಹೆಣ್ಣಿಗಿಂತ ಸುಮಾರು ಎರಡರಷ್ಟು ಇರುತ್ತದೆ. ಎರಡು ಇಲಿಗಳನ್ನು ಅಕ್ಕಪಕ್ಕ ಹಿಡಿದು ನೋಡಿದರೆ ಈ ವ್ಯತ್ಯಾಸ ಹೊಸಬರಿಗೂ ಗೊತ್ತಾಗುತ್ತದೆ, ಒಂದೇ ಇಲಿಯನ್ನು ನೋಡಿದರೆ ಗೊತ್ತಾಗುವುದಿಲ್ಲ.

ಮನೆಯಲ್ಲಿ ಸಾಕಿದವರಿಂದ ಪಡೆಯುವ ಮರಿ ನನ್ನ ಮಟ್ಟಿಗೆ ಮೊದಲ ಆಯ್ಕೆ. ತಾಯಿ ಯಾವುದು, ಹುಟ್ಟಿದ ದಿನ ಯಾವುದು, ಮನೆಯಲ್ಲಿ ಎಷ್ಟು ಇಲಿ ಎಷ್ಟು ವಯಸ್ಸಿಗೆ ಸತ್ತವು ಎಂದು ಕೇಳಲು ಒಬ್ಬ ಮನುಷ್ಯ ಎದುರಿಗಿರುತ್ತಾರೆ. ಸಾಕು ಇಲಿಯ ಆಯುಸ್ಸು ಒಂದೂವರೆಯಿಂದ ಎರಡೂವರೆ ವರ್ಷ; ಒಂದು ವರ್ಷ ತುಂಬುವ ಮೊದಲೇ ಹಲವು ಸತ್ತಿದ್ದರೆ ಅಥವಾ ಹೆಣ್ಣುಗಳಲ್ಲಿ ಕೆಚ್ಚಲಿನ ಗಡ್ಡೆ ಮತ್ತೆಮತ್ತೆ ಕಾಣಿಸಿಕೊಂಡಿದ್ದರೆ ಆ ವಂಶವನ್ನು ಬಿಟ್ಟುಬಿಡುವುದು ಲೇಸು. ಮರಿಗಳನ್ನು ನಾಲ್ಕರಿಂದ ಐದು ವಾರದೊಳಗೆ ಗಂಡುಹೆಣ್ಣು ಬೇರ್ಪಡಿಸಿದ್ದರೇ ಎಂಬುದನ್ನೂ ಕೇಳಿ. ಇದರ ಕೊರತೆಯೆಂದರೆ ಕೇಳಿದಾಗ ಸಿಗುವುದಿಲ್ಲ. ಕೊಡಗಿನೊಳಗೆ ಇಲಿ ಸಾಕಿದವರು ಕಡಿಮೆ, ಮೈಸೂರು ಬೆಂಗಳೂರಿನವರನ್ನು ಹುಡುಕಿ ಕಾಯಬೇಕಾಗುತ್ತದೆ. ಒಂದೇ ಸೂಲಿನ ಎರಡು ಮೂರು ಹೆಣ್ಣುಗಳು ಒಟ್ಟಿಗೆ ಸಿಕ್ಕರೆ ಕಾದದ್ದು ಸಾರ್ಥಕ, ಹೊಂದಿಸುವ ಕೆಲಸವೇ ಇರುವುದಿಲ್ಲ.

ಸಂಶೋಧನಾ ಸಂಸ್ಥೆಯಿಂದ ಬಂದ ಇಲಿ ಎಂದು ಯಾರಾದರೂ ಕೊಟ್ಟರೆ ಅದರ ಕಾಗದಪತ್ರ ಕೇಳಿ ಪಡೆಯಬೇಕು. ಪ್ರಯೋಗಪ್ರಾಣಿಗಳ ಸಾಕಣೆ, ಬಳಕೆ, ವಿಲೇವಾರಿ ಎಲ್ಲವೂ ನಿಯಮಕ್ಕೆ ಒಳಪಟ್ಟಿವೆ, ಹಿಂಬಾಗಿಲಿನಿಂದ ಬರುವ ಇಲಿ ಬೇಡ. ಕ್ರಮವಾಗಿ ಬಂದದ್ದಾದರೆ ಅದರ ಆರೋಗ್ಯದ ದಾಖಲೆ ಉಳಿದೆಲ್ಲ ಮೂಲಗಳಿಗಿಂತ ಸ್ಪಷ್ಟ. ಆದರೆ ಶುದ್ಧ ಗಾಳಿ, ಶುದ್ಧ ಹಾಸಿನಲ್ಲಿ ಬೆಳೆದ ಅದಕ್ಕೆ ಹೊರಗಿನ ಸೋಂಕುಗಳ ಪರಿಚಯವೇ ಇರುವುದಿಲ್ಲವಾದ್ದರಿಂದ ಅಂಗಡಿಯ ಇಲಿಯ ಜೊತೆ ಹಾಕಿದರೆ ಮೊದಲು ಮಲಗುವುದು ಅದೇ. ಕಪ್ಪು ಬಣ್ಣದ ‘ಬ್ಲ್ಯಾಕ್ ಸಿಕ್ಸ್’ ತಳಿಯಾದರೆ ಚರ್ಮ ಕೆರೆದು ಹುಣ್ಣಾಗುವ ಪ್ರವೃತ್ತಿ ಇದೆಯೆಂಬುದೂ ತಿಳಿದಿರಲಿ.

ಇನ್ನು ಸಿಕ್ಕ ಮರಿ. ಕಾಫಿ ಚೀಲ ಸರಿಸಿದಾಗ, ಸೌದೆ ರಾಶಿ ಕೆದರಿದಾಗ ಕಾಣುವ ಗುಲಾಬಿ ಬಣ್ಣದ ಮರಿಗಳನ್ನು ನೋಡಿ ಮಕ್ಕಳು ಹಟ ಹಿಡಿಯುವುದು ಸಹಜ. ಕಣ್ಣು ತೆರೆಯದ ಮರಿಗೆ ಎರಡೆರಡು ಗಂಟೆಗೊಮ್ಮೆ, ರಾತ್ರಿಯೂ ಸೇರಿ, ಬೆಕ್ಕಿನ ಮರಿಗಳಿಗೆಂದು ಮಾರುವ ಹಾಲಿನ ಪುಡಿಯನ್ನು ಕಲಸಿ ಹನಿಹನಿಯಾಗಿ ಕುಡಿಸಬೇಕು; ಹಸುವಿನ ಹಾಲು ಭೇದಿ ಹಿಡಿಸುತ್ತದೆ. ಇಷ್ಟೆಲ್ಲ ಮಾಡಿದರೂ ಉಳಿಯುವುದು ಕಷ್ಟ. ಉಳಿದರೂ ಅದು ಜೀವನಪೂರ್ತಿ ಬೆದರುವ, ಚಿಮ್ಮಿ ಹಾರುವ, ಕಚ್ಚುವ ಪ್ರಾಣಿಯಾಗಿಯೇ ಇರುತ್ತದೆ. ಮನೆ, ಗೋದಾಮುಗಳಲ್ಲಿ ತಾವಾಗಿ ಓಡಾಡುವ ಇಲಿಗಳು ಇಲಿಜ್ವರ ತರುವ ಲೆಪ್ಟೋಸ್ಪೈರಾ ಬ್ಯಾಕ್ಟೀರಿಯಾವನ್ನೂ, ಎಲ್‌ಸಿಎಂವಿ ಎಂಬ ವೈರಸ್ಸನ್ನೂ ಹೊತ್ತಿರಬಲ್ಲವು. ಎರಡನೆಯದು ಗರ್ಭಿಣಿಗೆ ತಗುಲಿದರೆ ಹೊಟ್ಟೆಯಲ್ಲಿರುವ ಮಗುವಿಗೆ ಗಂಭೀರ ಹಾನಿಯಾಗಬಹುದು. ಗರ್ಭಿಣಿ, ಎಳೆಗೂಸು ಅಥವಾ ರೋಗನಿರೋಧಕ ಶಕ್ತಿ ಕುಂದಿದವರು ಇರುವ ಮನೆಯಲ್ಲಿ ಈ ಆಯ್ಕೆಯನ್ನು ಚರ್ಚೆಗೇ ತೆಗೆದುಕೊಳ್ಳಬಾರದು. ಜೊತೆಗೆ ಕೊಡಗಿನಲ್ಲಿ ಸಿಕ್ಕದ್ದೆಲ್ಲ ಇಂಥ ಇಲಿಯೇ ಆಗಿರಬೇಕೆಂದಿಲ್ಲ. ಬೆನ್ನ ಮೇಲೆ ಮುಳ್ಳುರೋಮ, ಬಾಲದ ತುದಿಯಲ್ಲಿ ಕುಂಚದಂತೆ ಕೂದಲಿದ್ದರೆ ಅದು ಪಶ್ಚಿಮಘಟ್ಟದಲ್ಲಿ ಮಾತ್ರ ಕಾಣುವ, ಮರದ ಪೊಟರೆಯಲ್ಲಿ ವಾಸಿಸುವ, ಕರಿಮೆಣಸಿಗೆ ಬರುವ ಮಲಬಾರ್ ಮುಳ್ಳು ಡಾರ್‌ಮೌಸ್. ಅದರ ಜಾಗ ಕಾಡು. ಗಾಯವಾಗಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಬೇಕು.

ಬೇರೆಬೇರೆ ಮೂಲದವನ್ನು ಸೇರಿಸುವಾಗ

ಎಲ್ಲಿಂದ ತಂದರೂ ಹೊಸ ಇಲಿಯನ್ನು ಹಳೆಯದರಿಂದ ದೂರ, ಬೇರೆ ಕೋಣೆಯಲ್ಲಿ, ಕನಿಷ್ಠ ಮೂರು ವಾರ ಇಡಬೇಕು. ನಾಲ್ಕು ವಾರವಾದರೆ ಇನ್ನೂ ಒಳ್ಳೆಯದು. ಒಂದೇ ಕೋಣೆಯ ಎರಡು ಮೂಲೆ ಎಂದರೆ ಕ್ವಾರಂಟೈನ್ ಆಗುವುದಿಲ್ಲ, ಗಾಳಿ ಒಂದೇ. ಮೂರು ವಾರದಿಂದ ಇನ್ನೊಂದು ಲಾಭವಿದೆ: ಗರ್ಭಾವಧಿಯೂ ಅಷ್ಟೇ ಇರುವುದರಿಂದ ಅಂಗಡಿಯಲ್ಲೇ ಗಬ್ಬವಾಗಿದ್ದ ಹೆಣ್ಣು ಅಷ್ಟರೊಳಗೆ ಮರಿ ಹಾಕಿ ಸಂಗತಿ ಬಯಲಾಗುತ್ತದೆ. ದಿನವೂ ಹಳೆಯ ಇಲಿಗಳ ಕೆಲಸ ಮೊದಲು, ಹೊಸದರದು ಆಮೇಲೆ. ನಡುವೆ ಸೋಪು ಹಾಕಿ ಕೈ ತೊಳೆಯುವುದು, ಅಂಗಿ ಬದಲಿಸುವುದು. ಈ ಅವಧಿಯಲ್ಲಿ ಕಜ್ಜಿ ಹುಳು, ಪಿನ್‌ವರ್ಮ್ (ಕರುಳಿನ ಸಣ್ಣ ಹುಳು) ಇದೆಯೇ ಎಂದು ನೋಡಿಸಬಹುದು. ಹತ್ತಿರದ ಪಶು ಆಸ್ಪತ್ರೆಯಲ್ಲಿ ಸೂಕ್ಷ್ಮದರ್ಶಕವಿದ್ದರೆ, ಗುದದ ಸುತ್ತ ಒತ್ತಿ ತೆಗೆದ ಸೆಲೋಟೇಪಿನ ತುಂಡನ್ನೂ ತಾಜಾ ಹಿಕ್ಕೆಯನ್ನೂ ಒಯ್ದು ಪರೀಕ್ಷೆ ಮಾಡಿಸುವುದಕ್ಕೆ ದೊಡ್ಡ ಖರ್ಚಿಲ್ಲ. ಆದರೆ ಕೊಟ್ಟಿಗೆಯಲ್ಲಿರುವ ಐವರ್ಮೆಕ್ಟಿನ್ ಸೀಸೆಯನ್ನು ಮಾತ್ರ ಮುಟ್ಟಬೇಡಿ. ಜಾನುವಾರುಗಳ ಶೇ 1ರ ದ್ರಾವಣದ ಒಂದು ಮಿ.ಲೀ.ನಲ್ಲಿ 10 ಮಿ.ಗ್ರಾಂ ಔಷಧಿ ಇರುತ್ತದೆ. 30 ಗ್ರಾಂ ತೂಗುವ ಪ್ರಾಣಿಗೆ ಅದರ ಒಂದೇ ಹನಿ ಬೇಕಾದ್ದಕ್ಕಿಂತ ಹತ್ತಾರು ಪಟ್ಟು ಹೆಚ್ಚು.

ಮೈಕೋಪ್ಲಾಸ್ಮಾ ಹೊತ್ತ ಇಲಿ ಮೂರು ವಾರವೂ ಚೆನ್ನಾಗಿಯೇ ಕಾಣಬಹುದು, ಕ್ವಾರಂಟೈನ್ ಎಲ್ಲವನ್ನೂ ಹಿಡಿಯುವುದಿಲ್ಲ. ಹಾಗಾಗಿ ಆರೋಗ್ಯವಾಗಿರುವ ಹಳೆಯ ಗುಂಪಿಗೆ ಅಂಗಡಿಯ ಇಲಿಯನ್ನು ಸೇರಿಸುವುದರಲ್ಲಿ ಯಾವಾಗಲೂ ಒಂದಿಷ್ಟು ಅಪಾಯ ಉಳಿದೇ ಇರುತ್ತದೆ; ಒಂಟಿಯಾದ ಹೆಣ್ಣಿಗೆ ಜೊತೆ ಬೇಕು ಎಂಬ ಕಾರಣವಿದ್ದರೆ ಮಾತ್ರ ಆ ಅಪಾಯ ತೆಗೆದುಕೊಳ್ಳುವುದು ನ್ಯಾಯ. ಹೆಣ್ಣು ಇಲಿಗಳು ಎರಡು ಮೂರರ ಗುಂಪಿನಲ್ಲಿ ಸುಖವಾಗಿರುತ್ತವೆ. ಬೆಳೆದ ಗಂಡುಗಳು ಒಡಹುಟ್ಟಿದವೇ ಆದರೂ ರಕ್ತ ಬರುವಂತೆ ಕಾದಾಡುತ್ತವೆ, ಆದ್ದರಿಂದ ಒಂದು ಗಂಡಿಗೆ ಒಂದು ಗೂಡು. ಗಂಡಿನ ಮೂತ್ರದ ಕಮಟು ವಾಸನೆ ಜೋರು. ಬಾಗಿಲು ಕಿಟಕಿ ಮುಚ್ಚಿಕೊಂಡು ಕೂರುವ ಜುಲೈ ತಿಂಗಳಲ್ಲಿ ಅದು ಮನೆಮಂದಿಗೆಲ್ಲ ತಿಳಿಯುತ್ತದೆ. ಆದರೂ ಒಂದೇ ಇಲಿ ಸಾಕು, ಅದು ನನ್ನ ಕೈಗೆ ಒಗ್ಗಬೇಕು ಎನ್ನುವವರಿಗೆ ಗಂಡೇ ಸರಿ, ಏಕೆಂದರೆ ಒಂಟಿತನ ಅದಕ್ಕೆ ಹೆಣ್ಣಿನಷ್ಟು ಕಷ್ಟವಲ್ಲ.

ಗೂಡು: ಗಾಜು, ತಂತಿ, ಪ್ಲಾಸ್ಟಿಕ್

ಎರಡಡಿ ಉದ್ದದ ಮೀನಿನ ತೊಟ್ಟಿ ನೋಡಲು ಚೆಂದ, ಹಾವು, ಬೆಕ್ಕು, ಹೊರಗಿನ ಇಲಿ ಯಾವುದಕ್ಕೂ ಬಗ್ಗುವುದಿಲ್ಲ, ಕಡಿದು ಹಾಳುಮಾಡಲು ಇಲಿಗೂ ಆಗುವುದಿಲ್ಲ. ಕುಶಾಲನಗರದಂಥ, ಮಳೆ ಕಡಿಮೆಯಿರುವ ಪೂರ್ವದ ಕಡೆ ಜಾಲರಿ ಮುಚ್ಚಳವಿರುವ ಗಾಜಿನ ತೊಟ್ಟಿ ಒಳ್ಳೆಯ ಆಯ್ಕೆಯೇ. ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆ ನಾನು ಇದನ್ನು ಸೂಚಿಸುವುದಿಲ್ಲ. ಗಾಳಿ ಮೇಲಿನಿಂದ ಮಾತ್ರ ಆಡುವುದರಿಂದ ಅಮೋನಿಯಾ ತಳದಲ್ಲೇ, ಅಂದರೆ ಇಲಿಯ ಮೂಗಿನ ಮಟ್ಟದಲ್ಲೇ ನಿಲ್ಲುತ್ತದೆ, ಚಳಿಗೆ ಗಾಜಿನ ಒಳಮೈ ಬೆವರಿ ಹಾಸು ನೆನೆಯುತ್ತದೆ. ಈಗಾಗಲೇ ತೊಟ್ಟಿ ಇರುವವರು ಮಳೆಗಾಲದಲ್ಲಿ ಹಾಸನ್ನು ವಾರಕ್ಕೆ ಎರಡು ಸಲ ಬದಲಿಸಲು ಸಿದ್ಧರಿರಬೇಕು.

ತಂತಿಯ ಪಂಜರದಲ್ಲಿ ಗಾಳಿಗೆ ಕೊರತೆಯಿಲ್ಲ. ಆದರೆ ಅಂಗಡಿಯ ಪಂಜರಗಳಲ್ಲಿ ಬಹಳಷ್ಟು ಹಕ್ಕಿಗೆ ಅಥವಾ ಹ್ಯಾಮ್‌ಸ್ಟರ್‌ಗೆ ಮಾಡಿದವು. ಎಳೆಯ ಇಲಿ ಪೆನ್ಸಿಲ್ ತೂರುವಷ್ಟು ಸಂದಿಯಲ್ಲಿ ನುಸುಳಬಲ್ಲದಾದ್ದರಿಂದ ಕಂಬಿಗಳ ನಡುವಿನ ಅಂತರ 6 ಮಿ.ಮೀ. ಮೀರಬಾರದು. ತಳವೂ ತಂತಿಯದೇ ಆಗಿದ್ದರೆ ಪಾದಕ್ಕೆ ಹುಣ್ಣಾಗುತ್ತದೆ. ಒಂದೆರಡು ಮಳೆಗಾಲಕ್ಕೆ ತುಕ್ಕು ಹಿಡಿಯುವುದು, ಬೆಳಗಿನ ಮಂಜಿನ ಶೀತಗಾಳಿ ನೇರ ಮೈಗೆ ಬೀಸುವುದು ಇದರ ಬಾಬ್ತಿಗೆ ಬರುವ ಬೇರೆ ನಷ್ಟಗಳು. ಹಂಚಿನ ಮನೆಯಲ್ಲಿ ಇನ್ನೊಂದು ಅಪಾಯವಿದೆ, ಯಾರೂ ಗಮನಿಸದಂಥದು: ತೀರು, ಅಟ್ಟದ ಮೇಲೆ ಓಡಾಡುವ ಇಲಿಗಳ ಮೂತ್ರ, ಹಿಕ್ಕೆ ನೇರವಾಗಿ ಪಂಜರದೊಳಕ್ಕೆ ಬೀಳುತ್ತದೆ. ಮೇಲೊಂದು ತಗಡಿನ ಅಥವಾ ಪ್ಲಾಸ್ಟಿಕ್ ಹಾಳೆಯ ಮರೆ ಇಲ್ಲದೆ ಇಂಥ ಮನೆಯಲ್ಲಿ ತಂತಿ ಪಂಜರ ಇಡಲೇಬಾರದು.

ಕಡಿಮೆ ಬಜೆಟ್ಟಿನವರಿಗೂ ಮಳೆಯೂರಿನವರಿಗೂ ಒಟ್ಟಿಗೆ ಒಪ್ಪುವುದು ಮನೆಯಲ್ಲೇ ಮಾಡಿಕೊಳ್ಳುವ ಪ್ಲಾಸ್ಟಿಕ್ ಡಬ್ಬದ ಗೂಡು. ಬಟ್ಟೆ ತುಂಬಿಡಲು ಮಾರುವ, ಸುಮಾರು 60 ಸೆಂ.ಮೀ. ಉದ್ದ 40 ಸೆಂ.ಮೀ. ಅಗಲದ ಗಟ್ಟಿ ಡಬ್ಬ ಮೂರು ಹೆಣ್ಣು ಇಲಿಗಳಿಗೆ ಸಾಕು. ಮುಚ್ಚಳದ ನಡುಭಾಗವನ್ನೂ, ಎದುರುಬದುರಿನ ಎರಡು ಪಕ್ಕಗಳಲ್ಲಿ ಅಂಗೈಗಿಂತ ದೊಡ್ಡ ಕಿಟಕಿಗಳನ್ನೂ ಕತ್ತರಿಸಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಕಾಲಿಂಚಿನ ಬೆಸುಗೆ ಜಾಲರಿಯನ್ನು ಒಳಗಡೆಯಿಂದ ಹೊಂದಿಸಿ, ಸುತ್ತಲೂ ನಟ್ಟು ಬೋಲ್ಟು ವಾಷರ್ ಹಾಕಿ ಬಿಗಿಯಬೇಕು. ಜಾಲರಿ ಹೊರಗಡೆ ಇದ್ದರೆ ಪ್ಲಾಸ್ಟಿಕ್ಕಿನ ಅಂಚು ಇಲಿಯ ಹಲ್ಲಿಗೆ ಸಿಗುತ್ತದೆ, ಒಂದೇ ರಾತ್ರಿಯಲ್ಲಿ ಕಿಟಕಿ ದೊಡ್ಡದಾಗುತ್ತದೆ. ನೈಲಾನ್ ಸೊಳ್ಳೆಪರದೆಯಂತೂ ಲೆಕ್ಕಕ್ಕೇ ಇಲ್ಲ. ಪಕ್ಕದ ಕಿಟಕಿಗಳು ಹಾಸಿಗಿಂತ ನಾಲ್ಕು ಬೆರಳು ಮೇಲಿರಲಿ, ಗಾಳಿ ಅಡ್ಡಡ್ಡ ಆಡುತ್ತದೆ, ಮೈಗೆ ಬೀಸುವುದಿಲ್ಲ. ಹಗುರವಾದ್ದರಿಂದ ವಾರಕ್ಕೊಮ್ಮೆ ಎತ್ತಿ ತೊಳೆಯಲು ಸುಲಭ. ಒಳಗೆ 15 ಸೆಂ.ಮೀ.ಗಿಂತ ಕಡಿಮೆಯಿಲ್ಲದ ವ್ಯಾಸದ, ಕಂಬಿಗಳಿಲ್ಲದ ಸಪಾಟು ಓಡುಚಕ್ರವೊಂದನ್ನು ಇಡಬೇಕು. ಗೂಡನ್ನು ಇಟ್ಟ ಮೇಜಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿದರೆ ಇರುವೆ ಹತ್ತುವುದಿಲ್ಲ.

ಜಾಗ ಆರಿಸುವಾಗ ಬಚ್ಚಲೊಲೆಯ ಹೊಗೆ, ಸೊಳ್ಳೆಬತ್ತಿ, ಕಪಾಟಿನ ನುಸಿ ಗುಳಿಗೆ ಇವು ಮೂರೂ ದೂರವಿರಬೇಕು. ಚಳಿಗೆಂದು ಬಲ್ಬು ಹಾಕುವುದರಲ್ಲಿ ನನಗೆ ನಂಬಿಕೆಯಿಲ್ಲ. ಮರ ಬಿದ್ದು ತಂತಿ ಹರಿದರೆ ಎರಡು ದಿನ ಕರೆಂಟು ಇರುವುದಿಲ್ಲ. ಬದಲಿಗೆ ಇಲಿಯೊಂದಕ್ಕೆ 8ರಿಂದ 10 ಗ್ರಾಂನಷ್ಟು ಬಿಳಿ ಟಿಶ್ಯೂ ಕಾಗದ ಹಾಕಿದರೆ ಅದೇ ಹರಿದು ಉಂಡೆಗೂಡು ಕಟ್ಟಿಕೊಂಡು ಬೆಚ್ಚಗಿರುತ್ತದೆ.

ಹಾಸಿನ ವಿಷಯದಲ್ಲಿ ನಮ್ಮ ಕಡೆ ಪುಕ್ಕಟೆ ಸಿಗುವ ವಸ್ತುಗಳೇ ಮೋಸಗೊಳಿಸುವುದು. ಕಾಫಿ ಸಿಪ್ಪೆ ಖಂಡಿತ ಬೇಡ, ಅದರಲ್ಲಿ ಕೆಫೀನ್ ಇದೆ, ತೇವಕ್ಕೆ ಬೂಷ್ಟು ಬೇರೆ ಹಿಡಿಯುತ್ತದೆ. ರೊಬಸ್ಟಾ ಬೀಜದಲ್ಲಿ ಶೇ 2ಕ್ಕೂ ಹೆಚ್ಚು ಕೆಫೀನ್ ಇರುವಾಗ 30 ಗ್ರಾಂ ಪ್ರಾಣಿಗೆ ಒಂದೆರಡು ಬೀಜವೇ ಅಪಾಯ ಎಂಬುದನ್ನು ಕಣ ಇರುವ ಮನೆಯವರು ಮರೆಯಬಾರದು. ಸಾಮಿಲ್ಲಿನ ಪುಡಿಯ ಧೂಳು ಮೂಗಿಗೆ ಕೆಟ್ಟದ್ದು, ಯಾವ ಮರಕ್ಕೆ ಯಾವ ಔಷಧಿ ಹೊಡೆದಿದ್ದಾರೆಂದೂ ತಿಳಿಯದು. ಭತ್ತದ ಹೊಟ್ಟಿಗೂ ಧೂಳಿನ ದೋಷವಿದೆ. ಅಂಗಡಿಯ ಕಾಗದದ ಹಾಸು ಎಲ್ಲಕ್ಕಿಂತ ಒಳ್ಳೆಯದು, ದುಬಾರಿ. ಹೊಳಪಿಲ್ಲದ ವೃತ್ತಪತ್ರಿಕೆಯನ್ನು ಸಣ್ಣಗೆ ಸೀಳಿ ಬಿಸಿಲಿಗೋ ಒಲೆಯ ಹತ್ತಿರವೋ ಒಣಗಿಸಿ ಹಾಕಿದರೆ ಬಡವರ ಪಾಲಿಗೆ ಅದೇ ಸಾಕು, ಬದಲಿಸುವ ಸರದಿ ಮಾತ್ರ ಹೆಚ್ಚು. ಯಾವ ಹಾಸಾದರೂ ಬೆಳಿಗ್ಗೆ ಮುಚ್ಚಳ ತೆಗೆದು ಮೂಗನ್ನು ಹಾಸಿನ ಮಟ್ಟಕ್ಕೆ ತನ್ನಿ. ನಿಮಗೆ ಘಾಟು ತಗುಲಿತೆಂದರೆ ಇಲಿ ರಾತ್ರಿಯೆಲ್ಲ ಅದನ್ನೇ ಉಸಿರಾಡಿದೆ. ಆಹಾರಕ್ಕೂ ಇದೇ ಎಚ್ಚರ: ಮಳೆಗಾಲದ ಮುಗ್ಗಲು ಕಡಲೆಕಾಯಿ, ಜೋಳದಲ್ಲಿ ಅಫ್ಲಾಟಾಕ್ಸಿನ್ ವಿಷ ಇರುವ ಸಂಭವವಿದೆ, ಪೆಲೆಟ್ ಆಹಾರದ ಜೊತೆ ಸ್ವಲ್ಪ ರಾಗಿ, ಗೋಧಿ, ಓಟ್ಸನ್ನು ಗಾಳಿಯಾಡದ ಡಬ್ಬದಲ್ಲಿಟ್ಟು ಕೊಡಬೇಕು.

ಯಾರಿಗೆ ಯಾವುದು

ಮಡಿಕೇರಿಯ ಬಾಡಿಗೆ ಮನೆಯಲ್ಲಿ, ಶಾಲೆಗೆ ಹೋಗುವ ಮಕ್ಕಳಿರುವ ಕುಟುಂಬಕ್ಕೆ ಮನೆಯಲ್ಲಿ ಬೆಳೆದ ಒಂದೇ ಸೂಲಿನ ಎರಡು ಮೂರು ಹೆಣ್ಣುಗಳು ಮತ್ತು ಜಾಲರಿ ಕಿಟಕಿಯ ಪ್ಲಾಸ್ಟಿಕ್ ಡಬ್ಬ ಸರಿಹೊಂದುತ್ತವೆ. ತೋಟದ ಮನೆಯವರು ಇದೇ ಡಬ್ಬವನ್ನು ಗೋದಾಮು, ಅಡುಗೆಮನೆಗಳಿಂದ ದೂರದ, ತಾರಸಿ ಅಥವಾ ಸೀಲಿಂಗ್ ಇರುವ ಕೋಣೆಯಲ್ಲಿ ಇಟ್ಟು, ಇಲಿಪಾಷಾಣದ ಬಿಲ್ಲೆಗಳನ್ನು ಆ ಕೋಣೆಯ ಸುತ್ತ ಹಾಕದಂತೆ ಕೆಲಸದವರಿಗೂ ಹೇಳಿಡಬೇಕು. ಕುಶಾಲನಗರದಲ್ಲಿ ಒಂಟಿಯಾಗಿರುವ ವಿದ್ಯಾರ್ಥಿಗೆ ಒಂದು ಗಂಡು, ಒಂದು ಗಾಜಿನ ತೊಟ್ಟಿ ಸಾಕಾದೀತು. ಹುತ್ತರಿ ಹಬ್ಬಕ್ಕೆ ಐನ್‌ಮನೆಗೆ (ಮನೆತನದ ಮೂಲಮನೆಗೆ) ಹೊರಟು ನಾಲ್ಕು ದಿನ ಬೀಗ ಹಾಕುವ ಮನೆಯವರು ಇಲಿಯನ್ನು ನೋಡಿಕೊಳ್ಳಲು ಪಕ್ಕದವರನ್ನು ಮೊದಲೇ ಗೊತ್ತುಮಾಡಿಕೊಳ್ಳಲಿ; ಗೂಡನ್ನು ಜೊತೆಗೊಯ್ದರೆ ಕೋವಿ, ಪಟಾಕಿಯ ಸದ್ದಿಗೆ ಬೆದರಿ ಬಾಣಂತಿ ಇಲಿ ತನ್ನ ಮರಿಗಳನ್ನೇ ತಿಂದುಬಿಡುವುದೂ ಉಂಟು. ಗರ್ಭಿಣಿ ಇರುವ ಮನೆಯವರು ಇಲಿ ತರುವ ಯೋಚನೆಯನ್ನು ಹೆರಿಗೆಯಾಗುವವರೆಗೂ ಮುಂದಕ್ಕೆ ಹಾಕಲಿ, ಅದು ಎಷ್ಟೇ ಒಳ್ಳೆಯ ಮೂಲದ್ದಾಗಿದ್ದರೂ ಸರಿ.

ತರುವ ಕಾಲವನ್ನು ಆರಿಸಿಕೊಳ್ಳುವ ಅವಕಾಶವಿದ್ದರೆ ಡಿಸೆಂಬರಿನಿಂದ ಮಾರ್ಚಿಯೊಳಗೆ ತನ್ನಿ. ಕ್ವಾರಂಟೈನ್, ಹೊಂದಿಸುವಿಕೆ, ಗೂಡಿನ ತಿದ್ದುಪಡಿ ಎಲ್ಲವೂ ಒಣ ಹವೆಯಲ್ಲೇ ಮುಗಿದಿರುತ್ತವೆ, ಜೂನ್ ಬರುವ ಹೊತ್ತಿಗೆ ಇಲಿಯ ಮಾಮೂಲಿ ಉಸಿರು, ಊಟ, ತೂಕ ನಿಮಗೆ ಪರಿಚಿತವಾಗಿರುತ್ತವೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಒಂದು ಡಬ್ಬಿಯೊಳಗೆ ಇಲಿಯನ್ನು ಕೂರಿಸಿ ವಾರಕ್ಕೊಮ್ಮೆ ತೂಗಿ ಬರೆದಿಡಿ. 30 ಗ್ರಾಂ ಇದ್ದದ್ದು ಎರಡು ವಾರದಲ್ಲಿ 26ಕ್ಕೆ ಇಳಿದರೆ, ಚಿಟಚಿಟ ಸದ್ದು ಇನ್ನೂ ಕೇಳಿಸದಿದ್ದರೂ, ಪಶುವೈದ್ಯರಿಗೆ ಅಂದೇ ಫೋನ್ ಮಾಡಬೇಕು.